ಸಮವಸ್ತ್ರ ಕಳಚಿದ ಮೇಲೆ: ಕರ್ನಲ್ ಸ್ಪೈಸರ್ ಮತ್ತು ಸ್ಯಾಂಡ್‌ಲೈನ್ ಪ್ರಕರಣ

ಬ್ರಿಟಿಷ್ ಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗೆ ಏರಿ, ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಸೇವೆಯಿಂದ ಹೊರಬಂದ ಟಿಮ್ ಸ್ಪೈಸರ್, ಮುಂದಿನ ಹತ್ತೇ ವರ್ಷಗಳಲ್ಲಿ ಮೂರು ಖಂಡಗಳ ಮೂರು ಯುದ್ಧಗಳಿಗೆ ಖಾಸಗಿ ಕಂಪನಿಯ ಮುಖ್ಯಸ್ಥರಾಗಿ ಕಾಲಿಟ್ಟರು. ಮೊದಲನೆಯ ಯುದ್ಧದಲ್ಲಿ ಅವರನ್ನು ಕರೆಸಿಕೊಂಡ ದೇಶದ ಸೈನಿಕರೇ ಅವರನ್ನು ಬಂಧಿಸಿದರು. ಎರಡನೆಯದರಿಂದಾಗಿ ಬ್ರಿಟನ್ನಿನ ವಿದೇಶಾಂಗ ಇಲಾಖೆಯೇ ವಿಚಾರಣೆ ಎದುರಿಸಬೇಕಾಯಿತು. ಮೂರನೆಯದರಲ್ಲಿ ಅವರ ಕಂಪನಿಗೆ ಅಮೆರಿಕ ಸರ್ಕಾರದಿಂದ 29.3 ಕೋಟಿ ಡಾಲರಿನ ಗುತ್ತಿಗೆ ದೊರೆಯಿತು. ಒಬ್ಬನೇ ಮನುಷ್ಯ, ಹೆಚ್ಚುಕಡಿಮೆ ಒಂದೇ ಬಗೆಯ ಕಸುಬು. ಆದರೂ ಫಲ ಇಷ್ಟು ಬೇರೆಬೇರೆಯಾಗಿದ್ದೇಕೆ ಎಂಬುದು ಈ ಅಧ್ಯಯನದ ಪ್ರಶ್ನೆ. ಸೇನೆ ಬಿಡುವ ಅಧಿಕಾರಿ ತನ್ನ ಕೌಶಲ, ಅನುಭವ, ಪರಿಚಯಗಳನ್ನೆಲ್ಲ ಜೊತೆಗೆ ಒಯ್ಯಬಲ್ಲ, ಆದರೆ ಬಲಪ್ರಯೋಗ ಮಾಡುವ ಅಧಿಕಾರವನ್ನು ಒಯ್ಯಲಾರ, ಅದನ್ನು ಪ್ರತಿ ಸಲವೂ ಯಾವುದಾದರೂ ಸರ್ಕಾರದಿಂದ ಎರವಲು ಪಡೆಯಲೇಬೇಕು ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ತಿಳಿದಂತೆ ಇಲ್ಲ.

ಸೇನೆಯ ವರ್ಷಗಳು

ಸ್ಪೈಸರ್ ಹುಟ್ಟಿದ್ದು 1952ರಲ್ಲಿ, ಬ್ರಿಟಿಷ್ ಸೇನೆಯ ನೆಲೆಯೆಂದೇ ಹೆಸರಾದ ಆಲ್ಡರ್‌ಶಾಟ್ ಪಟ್ಟಣದಲ್ಲಿ. ಅವರು ಸೇರಿದ ಸ್ಕಾಟ್ಸ್ ಗಾರ್ಡ್ಸ್ ರೆಜಿಮೆಂಟು 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಟಂಬಲ್‌ಡೌನ್ ಬೆಟ್ಟಕ್ಕಾಗಿ ಜೂನ್ 13 ಮತ್ತು 14ರ ನಡುವಿನ ರಾತ್ರಿ ನಡೆಸಿದ ಕಾಳಗ ಆ ಯುದ್ಧದ ಕೊನೆಯ ದೊಡ್ಡ ಹೋರಾಟಗಳಲ್ಲಿ ಒಂದು. ಆ ಯುದ್ಧದಲ್ಲಿ ಭಾಗವಹಿಸಿದ ಸ್ಪೈಸರ್ ಹತ್ತು ವರ್ಷಗಳ ನಂತರ ಅದೇ ರೆಜಿಮೆಂಟಿನ ಮೊದಲ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಆಗಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದರು. ಅಲ್ಲಿಯ ಸೇವೆಗಾಗಿ ಅವರಿಗೆ ಒ.ಬಿ.ಇ. ಗೌರವ ದೊರೆಯಿತು.

ಬೆಲ್‌ಫಾಸ್ಟ್‌ನ ಒಂದು ಘಟನೆಯನ್ನು ಇಲ್ಲಿ ಬಿಡುವಂತಿಲ್ಲ. 1992ರ ಸೆಪ್ಟೆಂಬರ್ 4ರಂದು, ತಪಾಸಣೆಗೆ ತಡೆದು ನಿಲ್ಲಿಸಿದ್ದ ಹದಿನೆಂಟರ ಯುವಕನೊಬ್ಬ ಓಡತೊಡಗಿದಾಗ ಬೆಟಾಲಿಯನ್ನಿನ ಇಬ್ಬರು ಸೈನಿಕರು ಹಿಂದಿನಿಂದ ಗುಂಡು ಹಾರಿಸಿ ಅವನನ್ನು ಕೊಂದರು. ಅವನ ಬಳಿ ಯಾವ ಆಯುಧವೂ ಇರಲಿಲ್ಲ. 1995ರಲ್ಲಿ ನ್ಯಾಯಾಲಯ ಆ ಇಬ್ಬರನ್ನೂ ಕೊಲೆ ಅಪರಾಧಿಗಳೆಂದು ತೀರ್ಮಾನಿಸಿತು. ಯುವಕನ ಕೈಯಲ್ಲಿ ಬಾಂಬ್ ಇದೆಯೆಂದು ನಂಬಿಯೇ ಅವರು ಗುಂಡು ಹಾರಿಸಿದರೆಂದು ಸ್ಪೈಸರ್ ತಮ್ಮ ಸೈನಿಕರ ಪರವಾಗಿ ಕೊನೆಯವರೆಗೂ ವಾದಿಸಿದರು. 1998ರಲ್ಲಿ ಆ ಇಬ್ಬರು ಸೈನಿಕರ ಬಿಡುಗಡೆಯಾಗಿ, ಸೇನೆಯಲ್ಲೇ ಉಳಿಯಲು ಅವಕಾಶ ಸಿಕ್ಕಿದ್ದು ಮೃತನ ಕುಟುಂಬಕ್ಕೆ ಆರದ ಗಾಯವಾಯಿತು. ಈ ತೀರ್ಮಾನಗಳ ಸರಿತಪ್ಪುಗಳ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ಗುಂಡು ಹಾರಿಸಿದವರು ಯಾರು, ಯಾರ ಅಧೀನದಲ್ಲಿದ್ದರು, ಯಾವ ನಿಯಮದ ಪ್ರಕಾರ ಗುಂಡು ಹಾರಿಸಬಹುದಿತ್ತು, ಯಾವ ನ್ಯಾಯಾಲಯಕ್ಕೆ ಉತ್ತರ ಹೇಳಬೇಕು ಎಂಬ ಪ್ರಶ್ನೆಗಳಿಗೆಲ್ಲ ಅಲ್ಲಿ ಉತ್ತರವಿತ್ತು. ಮುಂದಿನ ಯಾವ ಅಧ್ಯಾಯದಲ್ಲೂ ಈ ನಾಲ್ಕು ಉತ್ತರಗಳು ಒಟ್ಟಿಗೆ ಸಿಗುವುದಿಲ್ಲ.

ಬಾಸ್ನಿಯಾದಲ್ಲಿ ವಿಶ್ವಸಂಸ್ಥೆಯ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಮೈಕಲ್ ರೋಸ್ ಅವರ ಬಳಿ ಸ್ಪೈಸರ್ ಕೆಲಸ ಮಾಡಿದ್ದು ಸೇನೆಯ ಕೊನೆಯ ವರ್ಷಗಳಲ್ಲಿ. ರಾಜಕಾರಣಿಗಳೊಡನೆ, ಪತ್ರಕರ್ತರೊಡನೆ ವ್ಯವಹರಿಸುವ ಪಾಠ ಅಲ್ಲಿ ದೊರೆಯಿತು. ಹೊರಬಂದ ಮೇಲೆ ಸ್ವಲ್ಪ ಕಾಲ ಲಂಡನ್ನಿನ ಹಣ ಹೂಡಿಕೆ ಕಂಪನಿಯೊಂದರಲ್ಲಿದ್ದು, 1996ರಲ್ಲಿ ಸ್ಯಾಂಡ್‌ಲೈನ್ ಇಂಟರ್‌ನ್ಯಾಷನಲ್ ಎಂಬ ಹೊಸ ಕಂಪನಿಯ ಮುಖ್ಯಸ್ಥರಾದರು.

ಅದು ಈ ಉದ್ಯಮಕ್ಕೆ ಹದವಾದ ಕಾಲವಾಗಿತ್ತು. ಶೀತಲ ಸಮರ ಮುಗಿದು ಬ್ರಿಟನ್ನಿನಿಂದ ರಷ್ಯಾದವರೆಗೆ ಸೇನೆಗಳು ಕುಗ್ಗುತ್ತಿದ್ದವು. ತರಬೇತಾದ ಅಧಿಕಾರಿಗಳೂ ಸೋವಿಯತ್ ಕಾಲದ ಹೆಲಿಕಾಪ್ಟರುಗಳೂ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತಿದ್ದವು. ದಕ್ಷಿಣ ಆಫ್ರಿಕಾದ ಎಕ್ಸಿಕ್ಯೂಟಿವ್ ಔಟ್‌ಕಮ್ಸ್ ಎಂಬ ಕಂಪನಿ 1993ರಿಂದ ಅಂಗೋಲಾದಲ್ಲಿ, 1995ರಿಂದ ಸಿಯೆರಾ ಲಿಯೋನ್‌ನಲ್ಲಿ ಸರ್ಕಾರಗಳ ಪರವಾಗಿ ಯುದ್ಧ ನಡೆಸಿ, ಕೆಲವೇ ನೂರು ಮಂದಿಯಿಂದ ಯುದ್ಧದ ಗತಿ ಬದಲಿಸಬಹುದೆಂದು ತೋರಿಸಿತ್ತು. ಆದರೆ ಅದರ ಬಹುಪಾಲು ಸಿಬ್ಬಂದಿ ವರ್ಣಭೇದ ನೀತಿಯ ಕಾಲದ ಸೇನೆಯವರಾಗಿದ್ದರಿಂದ ಅಂಟಿದ ಕಳಂಕ ದೊಡ್ಡದಿತ್ತು. ಬಹಾಮಾಸ್‌ನಲ್ಲಿ ನೋಂದಣಿಯಾಗಿ ಲಂಡನ್ನಿನ ಕಿಂಗ್ಸ್ ರೋಡ್‌ನಲ್ಲಿ ಕಚೇರಿ ತೆರೆದ ಸ್ಯಾಂಡ್‌ಲೈನ್‌ಗೆ ಪದಕ ಪಡೆದ ಬ್ರಿಟಿಷ್ ಕರ್ನಲ್ ಒಬ್ಬರು ಮುಖ್ಯಸ್ಥರಾಗಿ ಬೇಕಾಗಿದ್ದುದು ಸಹಜವೇ. ಸೇನೆಯಲ್ಲಿ ಗಳಿಸಿದ ಹೆಸರು ಮಾರುಕಟ್ಟೆಯ ಬಂಡವಾಳವಾದದ್ದು ಹೀಗೆ.

ಬೂಗನ್‌ವಿಲ್ ಕರಾರು

ಆಸ್ಟ್ರೇಲಿಯಾದ ಉತ್ತರಕ್ಕಿರುವ ಪಾಪುವಾ ನ್ಯೂಗಿನಿ ದೇಶಕ್ಕೆ ಸೇರಿದ ಬೂಗನ್‌ವಿಲ್ ದ್ವೀಪದಲ್ಲಿ ಪಂಗೂನಾ ಎಂಬ ಬೃಹತ್ ತಾಮ್ರದ ಗಣಿಯಿದೆ. 1972ರಲ್ಲಿ ಉತ್ಪಾದನೆ ಆರಂಭಿಸಿದ ಈ ಗಣಿ ದೇಶದ ಬೊಕ್ಕಸಕ್ಕೆ ಆಧಾರವಾಗಿತ್ತು. ದ್ವೀಪದ ಜನರಿಗೆ ಉಳಿದದ್ದು ಹಾಳಾದ ನದಿ ಮತ್ತು ಕಳೆದುಹೋದ ಭೂಮಿ. ಗಣಿಯಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಓನಾ ಅವರ ನೇತೃತ್ವದಲ್ಲಿ ಎದ್ದ ಬಂಡಾಯದಿಂದ 1989ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ಮುಂದಿನ ಅಂತರ್ಯುದ್ಧ ಮತ್ತು ದಿಗ್ಬಂಧನದಲ್ಲಿ, ಔಷಧವಿಲ್ಲದೆ ಸತ್ತವರೂ ಸೇರಿ, ಸತ್ತವರ ಸಂಖ್ಯೆ 20,000ದವರೆಗೂ ಇರಬಹುದೆಂಬ ಅಂದಾಜಿದೆ. ದ್ವೀಪದ ಜನಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ತಿಳಿಯುತ್ತದೆ.

1996ರಲ್ಲಿ ಪ್ರಧಾನಿ ಜೂಲಿಯಸ್ ಚಾನ್ ನಡೆಸಿದ ಸೇನಾ ಕಾರ್ಯಾಚರಣೆ ವಿಫಲವಾಯಿತು, ಸೆಪ್ಟೆಂಬರಿನಲ್ಲಿ ಕಾಂಗು ಬೀಚ್ ಎಂಬಲ್ಲಿ ಸರ್ಕಾರದ ಹನ್ನೆರಡು ಮಂದಿ ಹತರಾದರು, ಮರುವರ್ಷ ಚುನಾವಣೆ ಕಾದಿತ್ತು. ಆಸ್ಟ್ರೇಲಿಯಾ ಹಿಂದೆ ಕೊಟ್ಟಿದ್ದ ಹೆಲಿಕಾಪ್ಟರುಗಳನ್ನು ದಾಳಿಗೆ ಬಳಸಬಾರದೆಂಬ ಷರತ್ತು ಇತ್ತು. ಹೀಗಿರುವಾಗ, ಹೆಲಿಕಾಪ್ಟರನ್ನೂ ಅದನ್ನು ಹಾರಿಸುವವರನ್ನೂ ಒಟ್ಟಿಗೆ ಒದಗಿಸುತ್ತೇವೆಂದು ಮುಂದೆ ಬಂದ ಕಂಪನಿಯ ಮಾತು ಚಾನ್ ಸರ್ಕಾರಕ್ಕೆ ಹಿತವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

1997ರ ಜನವರಿ 31ರ ಕರಾರಿಗೆ ಕಂಪನಿಯ ಪರವಾಗಿ ಸಹಿ ಹಾಕಿದವರು ಸ್ಪೈಸರ್. ಒಟ್ಟು ಮೊತ್ತ 3.6 ಕೋಟಿ ಅಮೆರಿಕನ್ ಡಾಲರ್. ಅರ್ಧ ಮುಂಗಡ, ಉಳಿದರ್ಧ ಪಡೆ ಬಂದಿಳಿದ ಮೂವತ್ತು ದಿನಗಳೊಳಗೆ. ಪ್ರತಿಯಾಗಿ ಕಂಪನಿ ದೇಶದ ವಿಶೇಷ ಪಡೆಗೆ ತರಬೇತಿ ಕೊಡಬೇಕು, ಗುಪ್ತಮಾಹಿತಿ ಕಲೆಹಾಕಬೇಕು, ಸರ್ಕಾರಿ ಪಡೆಗಳ ಜೊತೆಗೂಡಿ ಬಂಡುಕೋರರ ಸೇನಾಬಲವನ್ನು ನಿಷ್ಕ್ರಿಯಗೊಳಿಸಿ ಪಂಗೂನಾ ಗಣಿಯನ್ನು ಮರಳಿ ವಶಪಡಿಸಿಕೊಳ್ಳಬೇಕು. ಎರಡು ಎಂಐ-24 ದಾಳಿ ಹೆಲಿಕಾಪ್ಟರುಗಳು, ಎರಡು ಎಂಐ-17 ಸಾಗಣೆ ಹೆಲಿಕಾಪ್ಟರುಗಳು, ರಾಕೆಟ್ಟುಗಳು, ಮದ್ದುಗುಂಡುಗಳು ಸಾಮಗ್ರಿಯ ಪಟ್ಟಿಯಲ್ಲಿದ್ದವು. ಜನರನ್ನು ಒದಗಿಸುವ ಕೆಲಸ ಬಹುಮಟ್ಟಿಗೆ ಎಕ್ಸಿಕ್ಯೂಟಿವ್ ಔಟ್‌ಕಮ್ಸ್‌ಗೆ ಉಪಗುತ್ತಿಗೆಯಾಗಿ ಹೋಯಿತು.

ಈ ಕರಾರಿನ ಒಂದು ಷರತ್ತನ್ನು ಹತ್ತಿರದಿಂದ ನೋಡಬೇಕು. ಕಂಪನಿಯ ಸಿಬ್ಬಂದಿಯನ್ನೆಲ್ಲ ಪಾಪುವಾ ನ್ಯೂಗಿನಿಯ ವಿಶೇಷ ಕಾನ್‌ಸ್ಟೇಬಲ್‌ಗಳೆಂದು ದಾಖಲಿಸಿಕೊಳ್ಳತಕ್ಕದ್ದು, ಜೊತೆಗೆ ಅವರಿಗೆ ತಕ್ಕ ಸೇನಾ ದರ್ಜೆಗಳೂ ಇರತಕ್ಕದ್ದು ಎಂದು ಅದು ಹೇಳುತ್ತಿತ್ತು. ದಾಳಿ ಹೆಲಿಕಾಪ್ಟರಿನ ಚಾಲಕ ಕಾಗದದ ಮೇಲೆ ಪೊಲೀಸ್ ಪೇದೆಯಾಗಬೇಕಾಗಿತ್ತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಪ್ರೋಟೋಕಾಲಿನ 47ನೆಯ ವಿಧಿ ಬಾಡಿಗೆ ಸೈನಿಕನಿಗೆ ಯುದ್ಧಕೈದಿಯ ರಕ್ಷಣೆಯ ಹಕ್ಕಿಲ್ಲವೆಂದು ಸಾರುತ್ತದೆ, ಅವನನ್ನು ಗುರುತಿಸಲು ಆರು ಲಕ್ಷಣಗಳನ್ನು ಹೇಳಿ ಆರೂ ಒಟ್ಟಿಗೆ ಇರಬೇಕೆನ್ನುತ್ತದೆ. ಸರ್ಕಾರದ ಯಾವುದಾದರೊಂದು ನೌಕರಿಯ ಮೊಹರು ಬಿದ್ದರೆ ಆ ಹಣೆಪಟ್ಟಿಯಿಂದ ಪಾರಾಗುವ ದಾರಿ ತೆರೆಯುತ್ತದೆ. ಎರವಲು ಅಧಿಕಾರವೆಂದು ನಾನು ಕರೆದದ್ದು ಇದನ್ನೇ. ಇಪ್ಪತ್ತು ವರ್ಷದ ಸೇನಾ ಅನುಭವದಿಂದ ಬಾರದ ಅರ್ಹತೆಯೊಂದು ಈ ಒಂದು ಸಾಲಿನಿಂದ ಬರಬೇಕಾಗಿತ್ತು.

ಬಂಧನ ಮತ್ತು ಅದರ ನಂತರ

ಫೆಬ್ರವರಿಯ ಕೊನೆಯಲ್ಲಿ ಆಸ್ಟ್ರೇಲಿಯಾದ ಪತ್ರಿಕೆಯೊಂದು ಸುದ್ದಿಯನ್ನು ಬಯಲಿಗೆ ತಂದಿತು. ದೇಶದ ಸೇನಾ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಜೆರಿ ಸಿಂಗಿರೋಕ್ ಆ ಹೊತ್ತಿಗೆ ತಮ್ಮದೇ ಯೋಜನೆ ಸಿದ್ಧಪಡಿಸುತ್ತಿದ್ದರು. ತಮ್ಮ ಸೈನಿಕರಿಗೆ ಬೂಟು, ಪಡಿತರ, ಸಂಬಳ ಸರಿಯಾಗಿ ಸಿಗದಿರುವಾಗ ಕೋಟಿಗಟ್ಟಲೆ ಹಣ ಪರದೇಶದ ಕಂಪನಿಗೆ ಹರಿಯುತ್ತಿರುವುದು, ದಾಳಿ ಹೆಲಿಕಾಪ್ಟರುಗಳಿಂದ ದ್ವೀಪದ ಸಾಮಾನ್ಯ ಜನ ಸಾಯಬಹುದಾದುದು ಎರಡೂ ಅವರನ್ನು ಕಾಡುತ್ತಿದ್ದ ವಿಷಯಗಳು. ಮಾರ್ಚ್ 16ರ ರಾತ್ರಿ ಅವರ ಸೈನಿಕರು ಸ್ಪೈಸರ್ ಅವರನ್ನು ವಶಕ್ಕೆ ತೆಗೆದುಕೊಂಡರು. ಮರುದಿನ ಬೆಳಿಗ್ಗೆ ಸಿಂಗಿರೋಕ್ ರೇಡಿಯೊದಲ್ಲಿ ಮಾತನಾಡಿ, ಕರಾರು ರದ್ದಾಗಬೇಕು, ಪ್ರಧಾನಿಯೂ ಇಬ್ಬರು ಸಚಿವರೂ ರಾಜೀನಾಮೆ ಕೊಡಬೇಕು ಎಂದು ಒತ್ತಾಯಿಸಿದರು. ಪ್ರಧಾನಿ ಚಾನ್ ಸಿಂಗಿರೋಕ್ ಅವರನ್ನು ಹುದ್ದೆಯಿಂದ ತೆಗೆದುಹಾಕಿದರು, ಸಿಂಗಿರೋಕ್ ಅದನ್ನು ಒಪ್ಪಿಕೊಂಡರು. ಅಧಿಕಾರ ಹಿಡಿಯುವ ಪ್ರಯತ್ನವನ್ನು ಅವರು ಮಾಡಲಿಲ್ಲ. ಆದರೆ ರಾಜಧಾನಿ ಪೋರ್ಟ್ ಮೋರ್ಸ್‌ಬಿಯ ಬೀದಿಗಳಲ್ಲಿ ವಿದ್ಯಾರ್ಥಿಗಳೂ ಸೈನಿಕರೂ ಒಂದಾಗಿ ಸಂಸತ್ತನ್ನು ಸುತ್ತುವರಿದ ಮೇಲೆ, ಮಾರ್ಚ್ 26ರಂದು ಚಾನ್, ಉಪಪ್ರಧಾನಿ ಕ್ರಿಸ್ ಹೈವೇಟಾ ಮತ್ತು ರಕ್ಷಣಾ ಸಚಿವರು ವಿಚಾರಣೆ ಮುಗಿಯುವವರೆಗೆ ಪದವಿಯಿಂದ ಬದಿಗೆ ಸರಿದರು.

ಕಂಪನಿಯ ಸಿಬ್ಬಂದಿಯನ್ನು ಅಷ್ಟರೊಳಗೇ ವಿಮಾನ ಹತ್ತಿಸಿ ಕಳುಹಿಸಲಾಗಿತ್ತು. ದಾರಿಯಲ್ಲಿದ್ದ ಹೆಲಿಕಾಪ್ಟರುಗಳ ವಿಮಾನ ಉತ್ತರ ಆಸ್ಟ್ರೇಲಿಯಾದ ಟಿಂಡಲ್ ವಾಯುನೆಲೆಗೆ ಇಳಿಯಿತು. ಸ್ಪೈಸರ್ ವಿಚಾರಣಾ ಆಯೋಗದ ಮುಂದೆ ಸಾಕ್ಷಿ ನುಡಿಯಬೇಕಾಯಿತು. ಅವರ ಬಳಿ ಸಿಕ್ಕ ನಾಲ್ಕು ಲಕ್ಷ ಡಾಲರ್ ನಗದಿನ ಬಗೆಗೂ ಪ್ರಶ್ನೆಗಳೆದ್ದವು. ಪಿಸ್ತೂಲಿನ ವಿಷಯದಲ್ಲಿ ಹೂಡಿದ್ದ ಆರೋಪವನ್ನು ಕೈಬಿಟ್ಟ ಮೇಲೆ ಅವರು ದೇಶ ಬಿಟ್ಟರು. ಒಂದು ಗುಂಡೂ ಹಾರದೆ ಕರಾರು ಮಣ್ಣುಪಾಲಾಯಿತು.

ಸಿಂಗಿರೋಕ್ ಅವರನ್ನು ಇಲ್ಲಿ ಕಳಂಕವಿಲ್ಲದ ನಾಯಕನನ್ನಾಗಿ ಚಿತ್ರಿಸುವುದು ನ್ಯಾಯವಲ್ಲ. ಬ್ರಿಟನ್ನಿನ ಒಬ್ಬ ಶಸ್ತ್ರ ವ್ಯಾಪಾರಿಯಿಂದ ಅವರೂ ಹಣ ಪಡೆದಿದ್ದುದು ಆಮೇಲೆ ಹೊರಬಂತು. ಆದರೂ ಪ್ರಕರಣದ ತಿರುಳು ಸಿಂಗಿರೋಕ್ ಮತ್ತು ಸ್ಪೈಸರ್ ನಡುವಿನ ವ್ಯತ್ಯಾಸದಲ್ಲಿದೆ. ಯುದ್ಧಾನುಭವದಲ್ಲಿ ಬ್ರಿಟಿಷ್ ಕರ್ನಲ್ ಒಂದು ಕೈ ಮೇಲಿದ್ದರೂ ಇರಬಹುದು. ಆದರೆ ಸಿಂಗಿರೋಕ್ ಹುದ್ದೆ ಕಳೆದುಕೊಂಡ ಮೇಲೂ ಸೈನಿಕರು ಅವರ ಮಾತು ಕೇಳಿದರು, ಏಕೆಂದರೆ ಅವರು ಆ ದೇಶದ ಸೇನೆಯ ಮನುಷ್ಯ. ಸ್ಪೈಸರ್ ಅವರ ಬಲವೆಲ್ಲ ಪ್ರಧಾನಿಯ ಬೆಂಬಲದ ಮೇಲೆ ನಿಂತಿತ್ತು, ಪ್ರಧಾನಿ ಅಲುಗಾಡಿದೊಡನೆ ಅದು ಕುಸಿಯಿತು.

ಬೂಗನ್‌ವಿಲ್‌ನ ಶಾಂತಿ ಮಾತುಕತೆ ಅದೇ ವರ್ಷ ನ್ಯೂಜಿಲೆಂಡ್‌ನಲ್ಲಿ ಆರಂಭವಾಗಿ, 1998ರಲ್ಲಿ ಕದನವಿರಾಮ, 2001ರ ಆಗಸ್ಟ್‌ನಲ್ಲಿ ಶಾಂತಿ ಒಪ್ಪಂದ ಆದವು. ಕದನವಿರಾಮವನ್ನು ನೋಡಿಕೊಂಡವರು ಆಯುಧವಿಲ್ಲದ ವೀಕ್ಷಕರು. ಒಪ್ಪಂದದಂತೆ 2019ರಲ್ಲಿ ನಡೆದ ಜನಮತಗಣನೆಯಲ್ಲಿ ಶೇ. 98ರಷ್ಟು ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದವು.

ಉಳಿದ ಹಣದ ಮೊಕದ್ದಮೆ

ಕಂಪನಿ ಬಾಕಿ 1.8 ಕೋಟಿ ಡಾಲರ್ ಕೇಳಿತು. ಹೊಸ ಸರ್ಕಾರ ಕೊಡಲು ಒಪ್ಪಲಿಲ್ಲ; ಸಂಸತ್ತಿನ ಕಾಯಿದೆಯಿಲ್ಲದೆ ಸಶಸ್ತ್ರ ಪಡೆ ಕಟ್ಟುವುದನ್ನು ದೇಶದ ಸಂವಿಧಾನದ 200ನೆಯ ವಿಧಿ ನಿಷೇಧಿಸುವುದರಿಂದ ಕರಾರೇ ಅಸಿಂಧು ಎಂದು ಅದು ವಾದಿಸಿತು. 1998ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ ಈ ವಾದವನ್ನು ತಳ್ಳಿಹಾಕಿತು. ಸರ್ಕಾರದ ಪರವಾಗಿ ಅಧಿಕಾರವುಳ್ಳವರೆಂದು ತೋರಿದವರೇ ಸಹಿ ಹಾಕಿದ್ದಾರೆ, ತನ್ನ ದೇಶದ ಆಂತರಿಕ ಕಾನೂನನ್ನು ಮುಂದೊಡ್ಡಿ ಸರ್ಕಾರ ಅಂತರರಾಷ್ಟ್ರೀಯ ಬಾಧ್ಯತೆಯಿಂದ ನುಣುಚಿಕೊಳ್ಳುವಂತಿಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಯಿಂದ ಇದು ಅಚ್ಚರಿಯ ತೀರ್ಪಲ್ಲ. ಆದರೆ ಅದರ ಫಲಿತಾಂಶ ನನ್ನನ್ನು ಕಳವಳಗೊಳಿಸುತ್ತದೆ: ಬಡ ದೇಶವೊಂದರ ಜನ ಬೀದಿಗಿಳಿದು ತಿರಸ್ಕರಿಸಿದ ಯುದ್ಧದ ಖರ್ಚನ್ನು ಅದೇ ಜನರ ಬೊಕ್ಕಸ ಹೊರಬೇಕಾಯಿತು. ಎರವಲು ಅಧಿಕಾರ ಒಂದು ರಾತ್ರಿಯಲ್ಲಿ ಹೋಗಬಹುದು. ವಾಣಿಜ್ಯ ಕರಾರು ಹಾಗೆ ಹೋಗುವುದಿಲ್ಲ.

ಸಿಯೆರಾ ಲಿಯೋನ್

ಎರಡನೆಯ ಅಧ್ಯಾಯವನ್ನು ಚಿಕ್ಕದಾಗಿ ಹೇಳಬಹುದು. 1997ರ ಮೇ ತಿಂಗಳಲ್ಲಿ ದಂಗೆಯಿಂದ ಪದಚ್ಯುತರಾಗಿ ಗಿನಿ ದೇಶದಲ್ಲಿ ಆಶ್ರಯ ಪಡೆದಿದ್ದ ಅಧ್ಯಕ್ಷ ಅಹ್ಮದ್ ತೇಜಾನ್ ಕಬ್ಬಾ ಅವರಿಗಾಗಿ ಸ್ಯಾಂಡ್‌ಲೈನ್ 35 ಟನ್ ಶಸ್ತ್ರಾಸ್ತ್ರಗಳನ್ನು ಬಲ್ಗೇರಿಯಾದಿಂದ ತರಿಸಿತು. ವಜ್ರದ ಗಣಿಗಳ ಆಸೆಯಿಂದ ಹಣ ಒದಗಿಸಲು ಮುಂದಾದವರು, ಬ್ಯಾಂಕ್ ಹಗರಣವೊಂದರಲ್ಲಿ ಥಾಯ್ಲೆಂಡಿಗೆ ಬೇಕಾಗಿದ್ದು ಕೆನಡಾದಲ್ಲಿ ನೆಲೆಸಿದ್ದ ಭಾರತೀಯ ಮೂಲದ ರಾಕೇಶ್ ಸಕ್ಸೇನಾ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1997ರ ಅಕ್ಟೋಬರಿನ 1132ನೆಯ ನಿರ್ಣಯದ ಮೂಲಕ ಆ ದೇಶಕ್ಕೆ ಶಸ್ತ್ರ ಪೂರೈಕೆಯನ್ನು ನಿಷೇಧಿಸಿತ್ತು. ನಾವು ವಿದೇಶಾಂಗ ಇಲಾಖೆಗೆ ತಿಳಿಸಿಯೇ ಮುಂದುವರಿದೆವು ಎಂದು ಕಂಪನಿ ಹೇಳಿದಾಗ ಲಂಡನ್ನಿನಲ್ಲಿ ಕೋಲಾಹಲವೆದ್ದಿತು. ಸಿಯೆರಾ ಲಿಯೋನ್‌ಗೆ ಬ್ರಿಟನ್ನಿನ ರಾಯಭಾರಿ, ಅಂದರೆ ಹೈಕಮಿಷನರ್ ಆಗಿದ್ದ ಪೀಟರ್ ಪೆನ್‌ಫೋಲ್ಡ್ ಅವರಿಗೆ ವಿಷಯ ತಿಳಿದಿತ್ತು. 1998ರ ಜುಲೈನಲ್ಲಿ ಬಂದ, ಈ ಬಗೆಗಿನ ವಿಚಾರಣೆಯ ಲೆಗ್ ವರದಿ ಸಚಿವರನ್ನು ದೋಷಮುಕ್ತಗೊಳಿಸಿ, ಇಲಾಖೆಯೊಳಗಿನ ಅಸಡ್ಡೆಯನ್ನು ಟೀಕಿಸಿತು. ಸ್ಪೈಸರ್ ವಿರುದ್ಧ ಮೊಕದ್ದಮೆ ನಡೆಯಲಿಲ್ಲ. ಇಲ್ಲಿ ಅಧಿಕಾರವನ್ನು ಎರವಲು ಕೊಟ್ಟವರು ಯಾರು ಎಂಬುದೇ ತೀರ್ಮಾನವಾಗಲಿಲ್ಲ: ಪರದೇಶದಲ್ಲಿದ್ದ ಅಧ್ಯಕ್ಷರೇ, ಹೈಕಮಿಷನರರೇ, ಅಥವಾ ಕಂಡೂ ಕಾಣದಂತಿದ್ದ ಇಲಾಖೆಯೇ?

ಅದೇ ದೇಶದಲ್ಲಿ 2000ದ ಜುಲೈನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿದ್ದ ಭಾರತೀಯ ಸೈನಿಕರು ಕೈಲಾಹುನ್‌ನಲ್ಲಿ ಬಂಡುಕೋರರ ಮುತ್ತಿಗೆಗೆ ಸಿಲುಕಿದ್ದ ಗೂರ್ಖಾ ತುಕಡಿಗಳನ್ನು ‘ಆಪರೇಷನ್ ಖುಕ್ರಿ’ಯ ಮೂಲಕ ಬಿಡಿಸಿಕೊಂಡರು. ಅದಕ್ಕೆ ಆದೇಶ ಕೊಟ್ಟವರು ಯಾರು, ಯಾವ ನಿರ್ಣಯದಡಿ ಎಂಬ ಬಗ್ಗೆ ಗೊಂದಲವಿರಲಿಲ್ಲ.

ಇರಾಕ್

ಸ್ಪೈಸರ್ 2002ರಲ್ಲಿ ಈಜಿಸ್ ಡಿಫೆನ್ಸ್ ಸರ್ವಿಸಸ್ ಸ್ಥಾಪಿಸಿದರು. ಸ್ಯಾಂಡ್‌ಲೈನ್ 2004ರ ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿತು. ಮರುತಿಂಗಳೇ ಈಜಿಸ್‌ಗೆ ಇರಾಕ್‌ನಲ್ಲಿ ಮೂರು ವರ್ಷಗಳ ಗುತ್ತಿಗೆ ದೊರೆಯಿತು. ಪುನರ್ನಿರ್ಮಾಣ ಕಾಮಗಾರಿಯ ಅಧಿಕಾರಿಗಳಿಗೆ ರಕ್ಷಣೆ ಕೊಡುವುದರ ಜೊತೆಗೆ, ದೇಶದಲ್ಲಿದ್ದ ಇತರ ಖಾಸಗಿ ಭದ್ರತಾ ಕಂಪನಿಗಳ ಓಡಾಟವನ್ನು ಸಮನ್ವಯಗೊಳಿಸುವ ಹೊಣೆಯೂ ಅದಕ್ಕೆ ಬಂತು. ದಾಳಿ ಮಾಡಿ ನೆಲ ಗೆಲ್ಲುವುದು ಇನ್ನು ಕಂಪನಿಯ ಕೆಲಸವಾಗಿರಲಿಲ್ಲ, ಬೆಂಗಾವಲು ಮತ್ತು ಮಾಹಿತಿ ಅದರ ಕೆಲಸವಾಗಿತ್ತು. ಅಧಿಕಾರವನ್ನು ಎರವಲು ಕೊಟ್ಟದ್ದು ಜಗತ್ತಿನ ಅತ್ಯಂತ ಬಲಿಷ್ಠ ಸರ್ಕಾರ. ಮೂರು ಪ್ರಕರಣಗಳ ಫಲ ಬೇರೆಬೇರೆಯಾದುದಕ್ಕೆ ಇವೆರಡೇ ಕಾರಣ ಎಂಬುದು ನನ್ನ ತೀರ್ಮಾನ. ಸ್ಪೈಸರ್ ಅವರ ಸಾಮರ್ಥ್ಯದಲ್ಲಿ 1997ರಿಂದ 2004ರೊಳಗೆ ಅಂಥ ಬದಲಾವಣೆಯೇನೂ ಆಗಿರಲಿಲ್ಲ.

ಉತ್ತರದಾಯಿತ್ವದ ಪ್ರಶ್ನೆ ಮಾತ್ರ ಉಳಿಯಿತು. ಆಕ್ರಮಿತ ಇರಾಕ್‌ನ ಆಡಳಿತ ಹೊರಡಿಸಿದ್ದ 17ನೆಯ ಆದೇಶದಂತೆ ವಿದೇಶಿ ಗುತ್ತಿಗೆದಾರರು ಗುತ್ತಿಗೆಗೆ ಸಂಬಂಧಿಸಿದ ಕೆಲಸಗಳಿಗಾಗಿ ಇರಾಕಿ ನ್ಯಾಯಾಲಯಗಳಿಗೆ ಉತ್ತರ ಹೇಳಬೇಕಾಗಿರಲಿಲ್ಲ. 2005ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು, ಈಜಿಸ್ ತನ್ನ ಕೆಲವು ನೌಕರರಿಗೆ ಆಯುಧ ತರಬೇತಿ ಆಗಿದೆಯೆಂಬ, ಇರಾಕಿ ನೌಕರರ ಹಿನ್ನೆಲೆ ಪರೀಕ್ಷಿಸಲಾಗಿದೆಯೆಂಬ ದಾಖಲೆ ತೋರಿಸಲಾಗಲಿಲ್ಲ ಎಂದು ವರದಿ ಮಾಡಿದರು. ಅದೇ ವರ್ಷದ ಕೊನೆಗೆ, ಚಲಿಸುವ ವಾಹನದ ಹಿಂಬದಿಯಿಂದ ಸಾಮಾನ್ಯ ಜನರ ಕಾರುಗಳತ್ತ ಗುಂಡು ಹಾರಿಸುವ ವಿಡಿಯೊಗಳು ಅಂತರ್ಜಾಲದಲ್ಲಿ ಕಾಣಿಸಿಕೊಂಡು, ಕಂಪನಿಯ ಸಿಬ್ಬಂದಿಗೆ ಅವು ಸಂಬಂಧಿಸಿವೆಯೆಂದು ಆರೋಪ ಬಂತು. ಅಮೆರಿಕ ಸೇನೆಯ ತನಿಖೆ ಯಾರ ಮೇಲೂ ಮೊಕದ್ದಮೆ ಹೂಡುವ ಆಧಾರವಿಲ್ಲವೆಂದು ಮುಗಿಯಿತು. ಬೆಲ್‌ಫಾಸ್ಟ್‌ನಲ್ಲಿ ಗುಂಡು ಹಾರಿಸಿದವರು ನ್ಯಾಯಾಧೀಶರ ಮುಂದೆ ನಿಂತಿದ್ದರು, ಇಲ್ಲಿ ವಿಷಯ ಅಲ್ಲಿಯವರೆಗೆ ಹೋಗಲೇ ಇಲ್ಲ.

2008ರ ಸೆಪ್ಟೆಂಬರಿನಲ್ಲಿ ಖಾಸಗಿ ಸೇನಾ ಮತ್ತು ಭದ್ರತಾ ಕಂಪನಿಗಳ ಬಗ್ಗೆ 17 ದೇಶಗಳು ಒಪ್ಪಿದ ಮಾಂಟ್ರೂ ದಾಖಲೆ, 2010ರಲ್ಲಿ ಕಂಪನಿಗಳೇ ಸಹಿ ಹಾಕಿದ ಅಂತರರಾಷ್ಟ್ರೀಯ ನೀತಿಸಂಹಿತೆ ಈ ಕೊರತೆಯನ್ನು ತುಂಬಲು ನಡೆದ ಪ್ರಯತ್ನಗಳು. ಆ 17ರಲ್ಲಿ ಸಿಯೆರಾ ಲಿಯೋನ್ ಮತ್ತು ಇರಾಕ್ ಇವೆ. ಈಜಿಸ್ ಕೂಡ ನೀತಿಸಂಹಿತೆಗೆ ಸಹಿ ಹಾಕಿದ ಕಂಪನಿಗಳಲ್ಲಿ ಒಂದು. ಎರಡೂ ಕಾನೂನಿನ ಬಲವುಳ್ಳವಲ್ಲ.

ಕರ್ನಾಟಕದ ಓದುಗರಿಗೆ ಈ ಪ್ರಶ್ನೆ ದೂರದ್ದೆನಿಸಬೇಕಾಗಿಲ್ಲ. ಕೊಡಗು, ಬೆಳಗಾವಿಯಂಥ ಜಿಲ್ಲೆಗಳಿಂದ ಸೇನೆ ಸೇರಿ, ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುವ ಜವಾನರಲ್ಲಿ ಬಹಳ ಮಂದಿಗೆ ಎರಡನೆಯ ಉದ್ಯೋಗವೆಂದರೆ ಬ್ಯಾಂಕು, ಕಾರ್ಖಾನೆ, ಐಟಿ ಕಂಪನಿಗಳ ಭದ್ರತೆ. ಇಲ್ಲಿ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯಿದೆಯಿದೆ. ಅದರ ಪ್ರಕಾರ ಪರವಾನಗಿಯಿಲ್ಲದೆ ಸಂಸ್ಥೆ ನಡೆಸುವಂತಿಲ್ಲ, ಸೇನೆ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಡಿಸುವಂತಿಲ್ಲ. ಅದರ 4ನೆಯ ಕಲಮಿನಂತೆ, ವಿದೇಶದಲ್ಲಿ ಭದ್ರತಾ ಸೇವೆ ಒದಗಿಸಲು ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು, ಆ ಪ್ರಾಧಿಕಾರ ಅನುಮತಿ ಕೊಡುವ ಮೊದಲು ಕೇಂದ್ರ ಸರ್ಕಾರವನ್ನು ಕೇಳಬೇಕು. ಬ್ರಿಟನ್ 2002ರಲ್ಲಿ ಈ ವಿಷಯದ ಚರ್ಚಾಪತ್ರ ಹೊರಡಿಸಿಯೂ, ಕೊನೆಗೆ ಕಂಪನಿಗಳ ಸ್ವಯಂನಿಯಂತ್ರಣಕ್ಕೆ ಬಿಟ್ಟುಕೊಟ್ಟಿತೆಂಬುದನ್ನು ನೋಡಿದರೆ ನಮ್ಮ ಈ ಒಂದು ಕಲಮಿನ ಬೆಲೆ ಅರ್ಥವಾಗುತ್ತದೆ. ಅದು ಎಷ್ಟು ಕಟ್ಟುನಿಟ್ಟಾಗಿ ಜಾರಿಯಾಗುತ್ತಿದೆ ಎಂಬುದನ್ನು ಶಾಸನಸಭೆಗಳು ಕೇಳುತ್ತಿರಬೇಕು.

ಈಜಿಸ್ 2015ರಲ್ಲಿ ಕೆನಡಾದ ಗಾರ್ಡಾವರ್ಲ್ಡ್ ಕಂಪನಿಯ ಪಾಲಾಯಿತು. ಮರುವರ್ಷ ಹೊರಬಂದ ಸಂಗತಿಯೆಂದರೆ, ಇರಾಕ್‌ನಲ್ಲಿ ಅಮೆರಿಕದ ನೆಲೆಗಳನ್ನು ಕಾಯಲು ಅದು ಸಿಯೆರಾ ಲಿಯೋನ್‌ನಿಂದ ಸುಮಾರು 2,500 ಮಂದಿಯನ್ನು ಕರೆತಂದಿತ್ತು. ಅವರಲ್ಲಿ ಕೆಲವರು ಅಂತರ್ಯುದ್ಧದ ಕಾಲದಲ್ಲಿ ಬಾಲಸೈನಿಕರಾಗಿದ್ದವರು. ದಿನದ ಕೂಲಿ 16 ಡಾಲರ್. ಯುರೋಪಿನವರಿಗಿಂತ ಅಗ್ಗವೆಂಬುದೇ ಆಯ್ಕೆಯ ಕಾರಣವೆಂದು ಕಂಪನಿಯ ಮಾಜಿ ನಿರ್ದೇಶಕರೊಬ್ಬರು ಒಪ್ಪಿಕೊಂಡರು. ಸೇನೆಯಿಂದ ಖಾಸಗಿ ಭದ್ರತೆಗೆ ಸಾಗುವ ದಾರಿಯ ಮೇಲಿನ ತುದಿಯಲ್ಲಿ ಕರ್ನಲ್‌ಗಳಿದ್ದಾರೆ, ಕೆಳ ತುದಿಯಲ್ಲಿ ಇವರಿದ್ದಾರೆ. ಸ್ಪೈಸರ್ ಅವರ ಹಿಂದೆ ಪದಕ, ಪಿಂಚಣಿ ಮತ್ತು ಒಂದು ರೆಜಿಮೆಂಟು ಇದ್ದವು. ಇವರ ಹಿಂದೆ ಅಂಥದ್ದೇನೂ ಇರಲಿಲ್ಲ. ಅಮೆರಿಕದ ಗುತ್ತಿಗೆಯಲ್ಲಿ ದುಡಿದು ಗಾಯಗೊಂಡವರಿಗೆ, ಅವರು ಯಾವ ದೇಶದವರೇ ಆಗಿರಲಿ, 1941ರ ಡಿಫೆನ್ಸ್ ಬೇಸ್ ಕಾಯಿದೆಯಡಿ ಪರಿಹಾರ ಕೇಳುವ ಹಕ್ಕಿದೆ. ಆ ಹಕ್ಕು ಇದೆಯೆಂಬುದನ್ನು ನೇಮಕವಾದ ದಿನವೇ ಅವರ ಭಾಷೆಯಲ್ಲಿ ತಿಳಿಸಬೇಕಾದದ್ದು ಕಂಪನಿಯ ಕೆಲಸ, ತಿಳಿಸಲಾಗಿದೆಯೇ ಎಂದು ನೋಡಬೇಕಾದದ್ದು ಗುತ್ತಿಗೆ ಕೊಟ್ಟ ಸರ್ಕಾರದ ಕೆಲಸ.